ಪುಟ ಇದೆ, ಅಕ್ಷರ ಇಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ಖರೀದಿಸುವ ನಮ್ಮ ಸೊಸೈಟಿಗೆ ವೆಬ್ ಆ್ಯಪ್ ಮಾಡಿದ್ದೇನೆ. ಬಟನ್ ಒತ್ತಿದರೆ ತೂಕ, ದರದ ರಶೀದಿ ಪಿಡಿಎಫ್ ಆಗಿ ಇಳಿಯುತ್ತದೆ, ಆದರೆ ತೆರೆದರೆ ಹಾಳೆ ಖಾಲಿ. ಸರ್ವರ್‌ನಲ್ಲಿರುವ ಫೈಲ್ ಸರಿಯಿದೆ. ಅಲ್ಲಿ 84 ಕೆಬಿ, ಇಳಿದದ್ದು 150 ಕೆಬಿ. ಎಲ್ಲಿ ತಪ್ಪಿದೆ?
– ಓದುಗರು, ಬದಿಯಡ್ಕ

ಉತ್ತರ: ಫೈಲ್ ಉಬ್ಬಿದೆ ಎಂದಿರಲ್ಲ, ಸುಳಿವು ಅದೇ. ಸರ್ವರ್‌ನಿಂದ ಫೈಲ್ ತರಿಸುವ ಫೆಚ್ ಆದೇಶದ ಬಳಿಕ, ಬಂದದ್ದನ್ನು ಬರಹವೆಂದು ಓದುವ ಟೆಕ್ಸ್ಟ್() ಕರೆದಿರಬೇಕು. ಅದೇ ಕೆಲಸದ ಆ್ಯಕ್ಸಿಯಾಸ್ ಲೈಬ್ರರಿ ಆದರೆ, ಉತ್ತರ ಯಾವ ರೂಪದಲ್ಲಿ ಬೇಕೆಂದು ಹೇಳುವ ರೆಸ್ಪಾನ್ಸ್‌ಟೈಪ್ ಕೊಡಲು ಮರೆತಿರಬೇಕು. ಆಗ ಬ್ರೌಸರ್ ಬಂದ ಬೈಟ್‌ಗಳನ್ನೆಲ್ಲ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ಪದ್ಧತಿ) ಅಕ್ಷರಗಳೆಂದು ಓದುತ್ತದೆ. ಲೆಕ್ಕಕ್ಕೆ ಕೂಡದ ಬೈಟ್ ಸಿಕ್ಕಿದಲ್ಲೆಲ್ಲ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ ಕೂರಿಸುತ್ತದೆ. ಉಳಿಸುವಾಗ ಆ ಒಂದೊಂದು ಚಿಹ್ನೆಗೂ 3 ಬೈಟ್. ಮೊದಲು ಅಲ್ಲಿ ಏನಿತ್ತೆಂಬುದು ಅಳಿಸಿಯೇ ಹೋಗಿರುತ್ತದೆ. ಪಿಡಿಎಫ್‌ನ ಚೌಕಟ್ಟು ಬಹುತೇಕ ಸಾದಾ ಅಕ್ಷರಗಳಲ್ಲಿರುವುದರಿಂದ ಬಚಾವಾಗುತ್ತದೆ, ಪುಟದ ಲೆಕ್ಕ ತಪ್ಪುವುದಿಲ್ಲ. ಒಳಗಿನ ಬರಹವನ್ನು ಕುಗ್ಗಿಸಿ ತುಂಬಿರುತ್ತಾರೆ, ಕೆಡುವುದು ಅದು.

ಟೆಕ್ಸ್ಟ್() ಇದ್ದಲ್ಲಿ ಬ್ಲಾಬ್() ಹಾಕಿ, ಅದು ಬೈಟ್‌ಗಳನ್ನು ಇದ್ದ ಹಾಗೇ ಕೊಡುತ್ತದೆ. ಆ್ಯಕ್ಸಿಯಾಸ್‌ನಲ್ಲಿ ರೆಸ್ಪಾನ್ಸ್‌ಟೈಪ್ 'ಬ್ಲಾಬ್' ಎಂದು ಕೊಡಿ. ಕೆಟ್ಟ ಸ್ಟ್ರಿಂಗನ್ನೇ ಹೊಸ ಬ್ಲಾಬ್‌ಗೆ ತುಂಬಿ 'ಅಪ್ಲಿಕೇಶನ್/ಪಿಡಿಎಫ್' ಎಂದು ಹಣೆಪಟ್ಟಿ ಅಂಟಿಸುವವರಿದ್ದಾರೆ. ಗೋಣಿಯ ಚೀಟಿ ಬದಲಿಸಿದರೆ ಕೊಳೆ ಅಡಿಕೆ ಚಾಲಿಯಾಗುವುದಿಲ್ಲ.

ಬ್ಲಾಬ್ ಕೈಗೆ ಬಂದ ಮೇಲೆ ಕ್ರಿಯೇಟ್‌ಆಬ್ಜೆಕ್ಟ್‌ಯುಆರ್‌ಎಲ್‌ನಿಂದ ವಿಳಾಸ ಪಡೆದು, ಡೌನ್‌ಲೋಡ್ ಗುಣ (ಆಟ್ರಿಬ್ಯೂಟ್) ಇರುವ ಆ್ಯಂಕರ್‌ಗೆ, ಅಂದರೆ ಲಿಂಕ್‌ಗೆ ಕೊಟ್ಟು, ಕ್ಲಿಕ್ ಮಾಡಿಸಿ. ತುಸು ಹೊತ್ತಿನ ನಂತರ ಆ ವಿಳಾಸವನ್ನು ರಿವೋಕ್ (ರದ್ದು) ಮಾಡಿ; ಇಲ್ಲದಿದ್ದರೆ ಪುಟ ಮುಚ್ಚುವವರೆಗೂ ಅದು ಮೆಮೊರಿ ಹಿಡಿದು ಕೂರುತ್ತದೆ.

ಇದಕ್ಕೆಲ್ಲ ಮೊದಲು, ಸರ್ವರ್‌ನ ಉತ್ತರ ಸರಿಯಿದೆಯೇ ಎಂದು ಹೇಳುವ ರೆಸ್ಪಾನ್ಸ್‌ನ ಓಕೆ ನೋಡಿ. ಲಾಗಿನ್ ಅವಧಿ ಮುಗಿದು ಸರ್ವರ್ 401 ಎಂಬ ತಪ್ಪಿನ ಸಂಕೇತ ಕಳಿಸಿದರೂ ಫೆಚ್ ತಕರಾರು ಎತ್ತುವುದಿಲ್ಲ. ತಪ್ಪಿನ ಸಂದೇಶವೇ 'ರಶೀದಿ.ಪಿಡಿಎಫ್' ಆಗಿ ಇಳಿದು ಕೂರುತ್ತದೆ. ಒಂದು ಕೆಬಿಯೂ ಇಲ್ಲದ ಪಿಡಿಎಫ್ ಕಂಡರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಕಾರಣ ಅಲ್ಲೇ ಬರೆದಿರುತ್ತದೆ.

ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ನೋಡಿದರೆ ಪಿಡಿಎಫ್‌ನ ಮೊದಲ ನಾಲ್ಕು ಬೈಟ್ 25 50 44 46. ನಿಮ್ಮ ಕೆಟ್ಟ ಫೈಲಿನಲ್ಲೂ ಅದು ಸರಿಯೇ ಇರುತ್ತದೆ, ಮೋಸ ಹೋಗಬೇಡಿ. ಎರಡೂ ಕಡೆಯ ಗಾತ್ರವನ್ನು ಬೈಟ್‌ನಲ್ಲಿ ತಾಳೆ ನೋಡಿ.

ಜೇಸನ್ ಎಂಬ ಬರಹರೂಪದ ಮಾಹಿತಿಯೊಳಗೆ ಬೇಸ್64 ಮಾಡಿ, ಅಂದರೆ ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿಸಿ ಕಳಿಸಿ ಎಂದು ಯಾರಾದರೂ ಹೇಳಬಹುದು. 3 ಬೈಟ್‌ಗೆ 4 ಅಕ್ಷರ, ಅಂದರೆ 6 ಎಂಬಿ ಫೈಲ್ 8 ಎಂಬಿ ಆಗುತ್ತದೆ. ಸಹಿಯ ಚಿತ್ರದಂಥ ಚಿಕ್ಕದಕ್ಕೆ ಸರಿ. ಮಳೆಗಾಲದಲ್ಲಿ ಗುಡ್ಡದ ಬದಿಯ ತೋಟದಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೆ ಬೇಡ.

ಪ್ರಶ್ನೆ: ಸರ್ವರ್ ಬೇರೆ ಡೊಮೈನ್‌ನಲ್ಲಿದೆ. ಫೈಲಿನ ಹೆಸರು ಹೇಳುವ ಕಂಟೆಂಟ್-ಡಿಸ್ಪೊಸಿಷನ್ ಹೆಡರ್ (ಉತ್ತರದ ಜೊತೆ ಬರುವ ವಿವರದ ಸಾಲು) ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಾಣುತ್ತದೆ, ಕೋಡ್‌ನಲ್ಲಿ ಕೇಳಿದರೆ ನಲ್, ಅಂದರೆ ಏನೂ ಇಲ್ಲ. ಫೈಲಿಗೆ ಕನ್ನಡದ ಹೆಸರು ಬೇಕಿತ್ತು.
– ಓದುಗರು, ತಾಳವಾಡಿ

ಉತ್ತರ: ಬೇರೆ ಡೊಮೈನ್‌ನಿಂದ ಬಂದ ಹೆಡರ್‌ಗಳಲ್ಲಿ ಕೆಲವನ್ನು ಮಾತ್ರ ಬ್ರೌಸರ್ ನಿಮ್ಮ ಕೋಡ್‌ಗೆ ತೋರಿಸುತ್ತದೆ. ಸರ್ವರ್ ಕಡೆಯಿಂದ ಆ್ಯಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್‌ನಲ್ಲಿ ಕಂಟೆಂಟ್-ಡಿಸ್ಪೊಸಿಷನ್ ಹೆಸರು ಸೇರಿಸಿ. ಕನ್ನಡದ ಹೆಸರನ್ನು ನಕ್ಷತ್ರ ಚಿಹ್ನೆಯಿರುವ 'ಫೈಲ್‌ನೇಮ್*'ನಲ್ಲಿ, ಯುಟಿಎಫ್-8 ಎಂದು ಹೇಳಿ, ಪರ್ಸೆಂಟ್ ಎನ್‌ಕೋಡ್ ಮಾಡಿ, ಅಂದರೆ ಒಂದೊಂದು ಬೈಟನ್ನೂ % ಮತ್ತು ಎರಡು ಹೆಕ್ಸ್ ಅಂಕಿಗಳಲ್ಲಿ ಬರೆದು ಕಳಿಸಬೇಕು. 'ರಶೀದಿ' ಎಂಬುದು ಯೂನಿಕೋಡ್‌ನಲ್ಲಿ 5 ಸಂಕೇತ, 15 ಬೈಟ್. ಹೆಡರ್‌ನಲ್ಲಿ 45 ಅಕ್ಷರವಾಗುತ್ತದೆ. ಅದನ್ನು ಡಿಕೋಡ್ ಮಾಡಿ ಡೌನ್‌ಲೋಡ್ ಗುಣಕ್ಕೆ ಕೊಡಿ. ಹೆಸರು ಮೊದಲೇ ಆ್ಯಪ್‌ಗೆ ಗೊತ್ತಿದ್ದರೆ ಈ ಸರ್ಕಸ್ಸೇ ಬೇಡ: ಡೌನ್‌ಲೋಡ್ ಗುಣದಲ್ಲಿ ನೇರವಾಗಿ 'ರಶೀದಿ.ಪಿಡಿಎಫ್' ಎಂದು ಬರೆದರಾಯಿತು.