ಆಫೀಸಿನ ತಪ್ಪು, ನನ್ನ ಹೊಣೆ

ಪ್ರಶ್ನೆ: ನನಗೆ 36 ವರ್ಷ. ಊರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೀಮ್ ಲೀಡ್ ಆಗಿದ್ದೆ. ಬರ್ನ್‌ಔಟ್ ಆಗಿ ಐದು ತಿಂಗಳ ಹಿಂದೆ ಕೆಲಸ ಬಿಟ್ಟೆ. ಈಗ ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಆದರೆ ಆ ದಿನಗಳಲ್ಲಿ ಒಬ್ಬ ಜೂನಿಯರ್ ಹುಡುಗನ ಮೇಲೆ ಎಲ್ಲರೆದುರು ಕೂಗಾಡಿದ್ದೆ. ಅಮ್ಮನ ಫೋನ್ ಎತ್ತುತ್ತಲೇ ಇರಲಿಲ್ಲ. ಮನೆ ಸಾಲದ ಕಂತು ಈಗ ಹೆಂಡತಿಯೇ ಕಟ್ಟುತ್ತಿದ್ದಾಳೆ. ಕೌನ್ಸೆಲರ್ 'ನಿಮ್ಮ ತಪ್ಪಲ್ಲ' ಅನ್ನುತ್ತಾರೆ. ಹೆಂಡತಿ ಮೊನ್ನೆ, 'ಅಮ್ಮನ ಫೋನ್ ಎತ್ತಬೇಡ ಅಂತ ಆಫೀಸಿನವರು ಹೇಳಿದ್ರಾ?' ಅಂದಳು. ಯಾರು ಹೇಳೋದು ಸರಿ?

ಉತ್ತರ: ಇಬ್ಬರದೂ ಸರಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಏನೆಂದು ವಿವರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ಒತ್ತಡ ಬಹುಕಾಲ ನಿಭಾಯಿಸಲಾಗದೆ ಹಾಗೇ ಉಳಿದಾಗ ಆಗುವ ಸ್ಥಿತಿ ಅಂದಿತು. ಬದುಕಿನ ಬೇರೆ ವಿಷಯಗಳಿಗೆ ಈ ಪದ ಬಳಸಬೇಡಿ ಅಂತಲೂ ಸೇರಿಸಿತು. ನಿಮ್ಮ ಹೆಂಡತಿ ಅದನ್ನು ಓದಿರಲಿಕ್ಕಿಲ್ಲ. ಹೇಳಿದ್ದು ಮಾತ್ರ ಅದನ್ನೇ!

ತೋಟದ ಮನೆಯವರು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ನಿಮಗೆ ಗೊತ್ತು. ಮಳೆ ಜಾಸ್ತಿಯಾಗಿದ್ದಕ್ಕೆ ತೋಟದವನನ್ನು ಯಾರೂ ಬೈಯುವುದಿಲ್ಲ. ಆದರೆ ಉದುರಿದ ಕಾಯಿ ಮರದ ಬುಡದಲ್ಲೇ ಬಿದ್ದಿದ್ದರೆ ರೋಗ ಇನ್ನೂ ಹರಡುತ್ತದೆ, ಅಲ್ವಾ? 'ಮಳೆ ಉದುರಿಸಿದ್ದು, ಮಳೆಯೇ ಹೆಕ್ಕಲಿ' ಅಂತ ನಿಮ್ಮ ಅಪ್ಪ ಕೂತಿರುತ್ತಿದ್ದರಾ?

ಹಾಗಂತ ಎಲ್ಲವನ್ನೂ ಈ ವಾರವೇ ಹೆಕ್ಕಲು ಹೋಗಬೇಡಿ. ನಿಮ್ಮಂಥವರನ್ನು ಬಲ್ಲೆ, ಕ್ಷಮೆ ಕೇಳುವುದಕ್ಕೂ ಸ್ಪ್ರೆಡ್‌ಶೀಟ್ ಮಾಡುತ್ತೀರಿ.

ಆ ಹುಡುಗನಿಗೆ ಎರಡೇ ಸಾಲು ಬರೆಯಿರಿ. 'ಅವತ್ತು ಎಲ್ಲರೆದುರು ಕೂಗಿದ್ದು ನನ್ನ ತಪ್ಪು. ಕ್ಷಮಿಸು.' 'ನನಗೂ ಒತ್ತಡ ಇತ್ತು' ಅಂತ ಬಾಲ ಸೇರಿಸಬೇಡಿ. ಅವನು ಉತ್ತರ ಕೊಡದಿದ್ದರೆ ಮತ್ತೆ ಮತ್ತೆ ಕೆದಕಲೂ ಬೇಡಿ.

ನನಗೆ ಹೆಚ್ಚು ಚಿಂತೆ ನಿಮ್ಮ ಹೆಂಡತಿಯದು. ಕಂತು, ಕೆಲಸ, ಮನೆ, ನಿಮ್ಮ ಆರೈಕೆ. ಐದು ತಿಂಗಳು! ಅವರ ಮಾತು ಸಿಟ್ಟಿಗಿಂತ ಸುಸ್ತಿನದು ಅನ್ನಿಸುತ್ತದೆ. ಉಳಿತಾಯ ಎಷ್ಟಿದೆ, ಇನ್ನೆಷ್ಟು ತಿಂಗಳು ಸಾಗುತ್ತದೆ, ಜೊತೆಗೆ ಕೂತು ಲೆಕ್ಕ ಬಿಚ್ಚಿಡಿ. ಅಡುಗೆಮನೆಯನ್ನು ಇವತ್ತೇ ವಹಿಸಿಕೊಳ್ಳಿ, ಅದಕ್ಕೆ ಇಂಟರ್ವ್ಯೂ ಬೇಕಿಲ್ಲ.

ಇನ್ನೊಂದು ಪ್ರಶ್ನೆ, ಸ್ವಲ್ಪ ಚುಚ್ಚಬಹುದು. ಆಫೀಸಿನಲ್ಲಿ 'ಆಗಲ್ಲ' ಅಂತ ಎಷ್ಟು ಸಲ ಹೇಳಿದ್ದಿರಿ? ಹೇಳಿದರೆ ಕೆಲಸ ಹೋಗುತ್ತಿತ್ತು ಅನ್ನಬಹುದು, ಅದು ನಿಜವೂ ಇರಬಹುದು. ಆದರೂ ಹೊಸ ಕೆಲಸಕ್ಕೆ ಸೇರುವ ಮುಂಚೆ ಕೌನ್ಸೆಲರ್ ಎದುರು ಇದನ್ನು ಎತ್ತಿ.

ಈ ಲೆಕ್ಕಾಚಾರದಲ್ಲಿ ಮತ್ತೆ ನಿದ್ದೆ ಕೆಟ್ಟರೆ ನಿಲ್ಲಿಸಿ, ಕೌನ್ಸೆಲರ್‌ಗೆ ಹೇಳಿ. ಬದುಕೇ ಬೇಡ ಅನ್ನಿಸಿದರಂತೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೆ ಮಾತ್ರ ಸಂಜೆಯೇ ಫೋನ್ ಹಚ್ಚಿ. ವಿವರಣೆ ಬೇಡ. ತೋಟಕ್ಕೆ ಔಷಧಿ ಹೊಡೆಸಿ ಆಯ್ತಾ ಅಂತ ಕೇಳಿ. ಬೈದರೆ ಬೈಸಿಕೊಳ್ಳಿ.