ಮತ್ತೆ ಮತ್ತೆ ಮೂತ್ರಪಿಂಡದ ಕಲ್ಲು, ಜೊತೆಗೆ ಮೂಳೆ ಸವೆತ: ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಬಹುದೇ?

ನೀವು ಬರೆದಂತೆ ನಿಮ್ಮ ತಾಯಿಯವರಿಗೆ ಎರಡನೆಯ ಸಲ ಕಲ್ಲು, ಡೆಕ್ಸಾ ಸ್ಕ್ಯಾನಿನಲ್ಲಿ (ಮೂಳೆ ಸಾಂದ್ರತೆಯ ಪರೀಕ್ಷೆ) ಮೂಳೆ ಸವೆತ, ರಕ್ತದಲ್ಲಿ ಮಿತಿಮೀರಿದ ಕ್ಯಾಲ್ಸಿಯಂ (11.1 mg/dL), ಈ ಮೂರೂ ಒಟ್ಟಿಗೆ ಬಂದಿರುವುದರಿಂದ, ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲೊಂದು ಅತಿಯಾಗಿ ಹಾರ್ಮೋನು ಸ್ರವಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಆ ಹಾರ್ಮೋನು ಮೂಳೆಯ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆಯುತ್ತದೆ. ಹೆಚ್ಚಾದದ್ದು ಮೂತ್ರಕ್ಕಿಳಿದು ಕಲ್ಲಾಗುತ್ತದೆ.

ಮೊದಲು ಕ್ಯಾಲ್ಸಿಯಂ, ಆಲ್ಬುಮಿನ್, ಪಿಟಿಎಚ್ (ಮೇಲೆ ಹೇಳಿದ ಪ್ಯಾರಾಥೈರಾಯ್ಡ್ ಹಾರ್ಮೋನು), ವಿಟಮಿನ್ ಡಿ ಮತ್ತು ಕ್ರಿಯಾಟಿನಿನ್ ಪರೀಕ್ಷೆಗಳನ್ನು ಒಂದೇ ಸಲ ತೆಗೆದ ರಕ್ತದಲ್ಲಿ ಮಾಡಿಸಿ. ವರದಿಯಲ್ಲಿ ಪಿಟಿಎಚ್ 55 ಎಂದಿದ್ದು, ಪಕ್ಕದಲ್ಲೇ 15–65 ಎಂಬ ಮಿತಿ ಅಚ್ಚಾಗಿದ್ದರೂ ಸರಿಯಿದೆಯೆಂದು ಬಿಡಬೇಡಿ. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ತಗ್ಗಬೇಕು. ತಗ್ಗದಿರುವುದೇ ದೋಷದ ಸೂಚನೆ. ನಮ್ಮ ಅತ್ತೆಯವರ ವರದಿಯಲ್ಲಿ ಎಲ್ಲರ ಕಣ್ಣುತಪ್ಪಿದ್ದು ಈ ಸಾಲೇ.

ನಂತರ 24 ಗಂಟೆಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಅಳೆಸಿ. ಅದು ತೀರಾ ಕಡಿಮೆಯಿದ್ದರೆ, ಶಸ್ತ್ರಚಿಕಿತ್ಸೆ ಬೇಡದ ವಂಶವಾಹಿ ಸ್ಥಿತಿಯೂ ಇರಬಹುದು. ಲಿಥಿಯಂ (ಮನೋರೋಗದ ಔಷಧ) ಅಥವಾ ಥಯಾಜೈಡ್ (ರಕ್ತದೊತ್ತಡದ ಔಷಧ) ಮಾತ್ರೆಗಳಿಂದಲೂ ಕ್ಯಾಲ್ಸಿಯಂ ಏರಬಹುದು. ಆದ್ದರಿಂದ ಈ ಹಂತದವರೆಗೆ ರೋಗವನ್ನು ಖಚಿತವೆನ್ನಲಾಗದು.

ಈ ವರದಿಗಳೊಂದಿಗೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞ) ಅವರನ್ನು ಕಂಡು, ಮುಂಗೈ ಮೂಳೆಯ ಡೆಕ್ಸಾ ಬೇಕೇ ಎಂದು ಕೇಳಿ, ಏಕೆಂದರೆ ಈ ಕಾಯಿಲೆಯಲ್ಲಿ ಸವೆತ ಅಲ್ಲಿಯೇ ಹೆಚ್ಚು. ಕತ್ತಿನ ಸ್ಕ್ಯಾನ್ ಗ್ರಂಥಿಯ ಜಾಗ ಹುಡುಕಲು ಮಾತ್ರ. ಅದರಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇಲ್ಲವೆಂದಲ್ಲ. ರೋಗ ಖಚಿತವಾಗಿ ಕಲ್ಲುಗಳೂ ಇದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ.

ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ನಾಳೆಯೇ ವೈದ್ಯರನ್ನು ಕೇಳಿ, ಅವರು ಹೇಳುವವರೆಗೆ ಮುಂದುವರಿಸಬೇಡಿ. ಹಾಲು, ಮೊಸರು ಬಿಡಿಸಬೇಡಿ. ನೀರು ಚೆನ್ನಾಗಿ ಕುಡಿಯಲಿ. ವಾಂತಿ, ವಿಪರೀತ ಸುಸ್ತು, ಮಂಪರು ಅಥವಾ ಗೊಂದಲ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.