ಕೈಯಲ್ಲೇ ಬಿಟ್ಟ ಕ್ಯಾನುಲಾಕ್ಕೆ ಪ್ರತಿಸಲ ಸಲೈನ್ ಯಾಕೆ?

ಅಮ್ಮನಿಗೆ ದಿನಕ್ಕೆರಡು ಸಲ ಆಂಟಿಬಯೋಟಿಕ್, ನಡುವೆ ಉಡುಪಿಯ ಮನೆಗೆ ಬರ್ತಾರೆ, ಪ್ರತಿಸಲ ನರ್ಸ್ ಕ್ಯಾನುಲಾಕ್ಕೆ (ಔಷಧಿ ಕೊಡಲು ರಕ್ತನಾಳದೊಳಗೆ ಇಟ್ಟ ಸಣ್ಣ ಕೊಳವೆ) ಸಲೈನ್ (ಉಪ್ಪುನೀರು) ತಳ್ಳುವುದು ಬಿಲ್ ಏರಿಸಲಿಕ್ಕಾ ಅಂತ ಕೇಳಿದ್ದೀರಿ. ಬಿಲ್ಲಿಗಲ್ಲ ಮಾರಾಯ್ರೆ! ಡ್ರಿಪ್ ನಿಂತ ಮೇಲೆ ರಕ್ತ ಕೊಳವೆಯೊಳಗೆ ಬಂದು ಹೆಪ್ಪುಗಟ್ಟಬಹುದು. ಔಷಧಿಗೆ ಮೊದಲು 3ರಿಂದ 5 ಎಂಎಲ್ 0.9% ಸಲೈನ್ ಹಾಕಿದರೆ ಕ್ಯಾನುಲಾ ಸರಿಯಾಗಿ ಉಂಟಾ ಅಂತ ಗೊತ್ತಾಗುತ್ತದೆ. ಔಷಧಿ ಕೊಟ್ಟ ಮೇಲೆ ಹಾಕುವುದು ಕೊಳವೆಯಲ್ಲಿ ಉಳಿದ ಔಷಧಿಯನ್ನು ಒಳಗೆ ಕಳಿಸಲಿಕ್ಕೆ. ವಾರ್ಡಿನಲ್ಲಿ ನಾನು ಒಂದೇ ಬಿರುಸಿಗೆ ತಳ್ಳುವುದಿಲ್ಲ, ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳುತ್ತೇನೆ. ತಡೆ ಸಿಕ್ಕಿದರೆ ಬಲ ಹಾಕಲೇಬಾರದು.

ನೀವು ನೋಡಬೇಕಾದ್ದು ಬೇರೆ. ಸಿರಿಂಜ್ ಹಚ್ಚುವ ಮೊದಲು ಕ್ಯಾನುಲಾದ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ, ಒಣಗಲು ಬಿಡುತ್ತಾರಾ? ಇನ್ನು ನಮ್ಮೂರ ಸೆಕೆಗೆ ಬೆವರಿ ಪ್ಲಾಸ್ಟರಿನ ಅಂಚು ಏಳುತ್ತದೆ, ಅದೇ ದೊಡ್ಡ ತಲೆನೋವು. ಎದ್ದರೆ ಅದರ ಮೇಲೆಯೇ ಇನ್ನೊಂದು ಅಂಟಿಸಬೇಡಿ, ಬದಲಾಯಿಸಲು ಹೇಳಿ. ಸ್ನಾನಕ್ಕೆ ಹೋಗುವಾಗ ಪ್ಲಾಸ್ಟಿಕ್ ಸುತ್ತಿ.

ಕ್ಯಾನುಲಾ ಹಾಕಿದ ಜಾಗ ಕೆಂಪಾದರೆ, ಊದಿದರೆ, ನಾಳ ಹಗ್ಗದ ಹಾಗೆ ಗಟ್ಟಿಯಾದರೆ, ಚಳಿಜ್ವರ ಬಂದರೆ ಮುಂದಿನ ಡೋಸ್‌ವರೆಗೆ ಕಾಯಬೇಡಿ. ಕೂಡಲೇ ಹೋಗಿ ತೋರಿಸಿ.